ತೂಕ ಇಳಿಸಿದ ಗುಟ್ಟು

ಚೆನ್ನೈನ ಅಂಬತ್ತೂರಿನಲ್ಲಿರುವ ನಮ್ಮ ಆಫೀಸಿನಲ್ಲಿ ತೂಕ ಇಳಿಸುವ ಸ್ಪರ್ಧೆ ಇಟ್ಟಿದ್ದರು. ಮುಟ್ಟಿಗೆ ಎರಡು ದಿನ ಮೊದಲು ಮೈಯಲ್ಲಿ ನೀರು ತುಂಬಿ ನನ್ನ ತೂಕ ಒಂದೂವರೆ ಕಿಲೋ ಏರಿತು. ತೂಕ ಬರೆದುಕೊಳ್ಳುತ್ತಿದ್ದ ಟ್ರೈನರ್, ಉಡುಪಿ ಕಡೆಯ ಹುಡುಗ, ಎಲ್ಲರೆದುರು ಕೇಳಿದ: "ಏನು ಮೇಡಂ, ಗುಡ್ ನ್ಯೂಸಾ?"

ಮಗುವಿಗಾಗಿ ನಾಲ್ಕು ವರ್ಷದಿಂದ ಕೀಲ್ಪಾಕಿನ ಡಾಕ್ಟರ ಬಳಿ ಅಲೆಯುತ್ತಿದ್ದವಳು ನಾನು. ತೂಕದ ಯಂತ್ರದಿಂದ ಕೆಳಗಿಳಿದೆ. ಅಷ್ಟರಲ್ಲಿ ಇಬ್ಬರು ಬಂದು ಕೈ ಕುಲುಕಿಯೂ ಆಗಿತ್ತು.

ಮುಟ್ಟಾಯಿತು. ಮುಂದಿನ ವಾರ ತೂಕವೂ ಇಳಿದಿತ್ತು, ಎಲ್ಲರಿಗಿಂತ ಹೆಚ್ಚು; ಆ ವಾರದ ಬಹುಮಾನ ನನಗೇ. ಟ್ರೈನರ್ ಖುಷಿಯಿಂದ ಮೈಕ್ ಕೊಟ್ಟ. "ಯಾವ ಡಯಟ್ ಮೇಡಂ? ಎಲ್ಲರಿಗೂ ಹೇಳಿ."

"ಡಯಟ್ ಅಲ್ಲಪ್ಪ, ಮುಟ್ಟು," ಎಂದೆ. "ಮೊದಲು ಮೈಯಲ್ಲಿ ನೀರು ತುಂಬುತ್ತೆ, ಆಮೇಲೆ ಇಳಿಯುತ್ತೆ. ನಿನ್ನ ಗುಡ್ ನ್ಯೂಸ್ ಸುಳ್ಳು ಅಂತ ಗೊತ್ತಾಗೋದೂ ಆಗಲೇ."

ಗಂಡಸರೆಲ್ಲ ಮೊಬೈಲ್ ನೋಡತೊಡಗಿದರು. ಬಹುಮಾನವನ್ನು ಅವನು ಸಂಜೆ ತಂದುಕೊಟ್ಟ, ಮೆಡಿಕಲ್ ಶಾಪಿನವರು ಪ್ಯಾಡ್ ಕೊಡುವಂತೆ ಪೇಪರಿನಲ್ಲಿ ಸುತ್ತಿ.