ಇಂಬಳಕ್ಕೂ ಒಂದು ದಿನ

ಹೆತ್ತೂರು ಕಡೆಯ ಒಂದು ಶಾಲೆಯಲ್ಲಿ ನಾನು ಬಿಸಿಯೂಟ ಬೇಯಿಸುತ್ತೇನೆ. ಮಕ್ಕಳು ಕೆಲವೇ ಮಂದಿ, ಟೀಚರು ಒಬ್ಬರೇ. ಹೋದ ಮಳೆಗಾಲದಲ್ಲಿ ಆ ಟೀಚರು ವರ್ಗಕ್ಕೆ ಅರ್ಜಿ ಹಾಕಲು ತಯಾರಾಗಿದ್ದರು.

ಅವರು ಅರಸೀಕೆರೆ ಕಡೆಯವರು, ಒಣ ನೆಲದಲ್ಲಿ ಬೆಳೆದವರು. ಮಳೆಗೆ ಹೆದರುತ್ತಿರಲಿಲ್ಲ, ಕರೆಂಟು ಹೋದರೂ ಹೆದರುತ್ತಿರಲಿಲ್ಲ. ಇಂಬಳ ಕಂಡರೆ ಮಾತ್ರ ಜೀವವೇ ಹೋಗುತ್ತಿತ್ತು. ನಮ್ಮಲ್ಲಿ ಮಳೆ ಹಿಡಿಯಿತೆಂದರೆ ಈ ನೆಲದ ಜಿಗಣೆ ಹುಲ್ಲಿನ ತುದಿತುದಿಗೂ ಎದ್ದು ನಿಂತಿರುತ್ತದೆ. ನಾವು ಉಪ್ಪು ಕಟ್ಟಿದ ಬಟ್ಟೆಗಂಟನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಓಡಾಡುತ್ತೇವೆ. ಕಾಲಿಗೆ ಹತ್ತಿದರೆ ಒಮ್ಮೆ ಒತ್ತಿದರಾಯಿತು, ಉದುರುತ್ತದೆ. ಟೀಚರು ಒತ್ತುವುದಿರಲಿ, ಬಗ್ಗಿ ನೋಡುತ್ತಲೂ ಇರಲಿಲ್ಲ. ಕಿರುಚಿ ಬೆಂಚು ಹತ್ತುತ್ತಿದ್ದರು.

ಅವರು ಹೋದರೆ ಈ ಮೂಲೆಗೆ ಇನ್ನೊಬ್ಬರು ಬರುತ್ತಾರೆಂದು ಯಾರೂ ನಂಬಿರಲಿಲ್ಲ. ಶಾಲೆಗೆ ಬೀಗ ಬಿದ್ದಿದ್ದರೆ ದೊಡ್ಡ ಮಕ್ಕಳು ಬಸ್ಸು ಹತ್ತಿ ದೂರ ಹೋಗುತ್ತಿದ್ದರು, ಸಣ್ಣವು ಮನೆಯಲ್ಲಿ ಕೂರುತ್ತಿದ್ದವು. ನನ್ನ ಒಲೆಯೂ ಆರುತ್ತಿತ್ತು. ಇರಿ ಎಂದು ನಾನು ಅವರನ್ನು ಕೇಳಿಕೊಳ್ಳಲಿಲ್ಲ. ಹೋಗುವವರನ್ನು ಹಿಡಿದುಕೊಳ್ಳುವ ಅಭ್ಯಾಸ ನನಗಿಲ್ಲ.

ಒಂದು ಶುಕ್ರವಾರ ಟೀಚರು ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು. ಮಾರನೆಯ ದಿನ ಬ್ಯಾಗಿಲ್ಲದ ಶನಿವಾರ. ಪಾಠ ಬಿಟ್ಟು ಮಕ್ಕಳಿಗೆ ಏನಾದರೂ ತಮಾಷೆಯದು ಮಾಡಿಸಬೇಕಂತೆ.

"ಬಟ್ಟೆ ಉಲ್ಟಾ ಹಾಕ್ಕೊಂಡು ಬರೋ ದಿನ ಮಾಡಿದ್ರೆ ಹೆಂಗಜ್ಜಿ?"

"ನಮ್ ಹುಡ್ಲು ದಿನಾ ಹಂಗೇ ಬತ್ತವಲ್ಲ ಟೀಚರಮ್ಮ. ಅದ್ಕೇನು ಬೇರೆ ದಿನ ಬೇಕಾ?"

"ನಗಬೇಡಿ. ನೀವೇ ಒಂದು ಹೇಳಿ ನೋಡಾಣ."

ನಾನು ಹೇಳುವಷ್ಟರಲ್ಲಿ ಕಾಲಿಗೆ ಇಂಬಳ ಹತ್ತಿ ಅವರು ಕಿರುಚಿಯಾಗಿತ್ತು. ಓಡಿ ಹೋಗಿ ಕ್ಲಾಸಿನ ಬೆಂಚಿನ ಮೇಲೆ ನಿಂತುಬಿಟ್ಟರು. ಎಸ್ಟೇಟಿನ ಕೂಲಿಮನೆಗಳ ಲೈನಿನಿಂದ ಬರುವ ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಉಪ್ಪಿನ ಕೋಲು ತಂದು ಅವರ ಹಿಮ್ಮಡಿಗೆ ಒತ್ತಿದಳು.

"ಇಳೀರಿ ಮಿಸ್ಸು, ಬಿದ್ದೋಯ್ತು. ಅದ್ರ ಹೊಟ್ಟೇನೂ ತುಂಬಿಲ್ಲ ಪಾಪ." ಆಮೇಲೆ ಅವಳೇ ಅಂದಳು, "ಮಿಸ್, ನಾಳೆ ಇಂಬಳದ ದಿನ ಮಾಡಣ."

ಮಕ್ಕಳೆಲ್ಲ ಹೋ ಎಂದು ನಕ್ಕವು. ಟೀಚರು ಬೈಯುತ್ತಾರೆಂದುಕೊಂಡೆ. ಅವರು ಬೆಂಚಿನ ಮೇಲಿಂದಲೇ, "ಮಾಡಿದ್ರೆ, ಏನೇನ್ ಮಾಡಬೋದು?" ಎಂದು ಕೇಳಿದರು. ಅಷ್ಟು ಹೆದರುವ ಹೆಂಗಸಿನ ಬಾಯಲ್ಲಿ ಆ ಪ್ರಶ್ನೆ ಹೇಗೆ ಬಂತೋ, ನನಗೆ ಇವತ್ತಿಗೂ ತಿಳಿದಿಲ್ಲ.

ಬೆಂಚಿನ ಮೇಲೆಯೇ ಎಲ್ಲ ತೀರ್ಮಾನವಾಯಿತು. ಇಂಬಳದ ಹಾಗೆ ಕೈ ಊರಿ, ಕುಂಡೆ ಎತ್ತಿ, ಕಾಲೆಳೆದು ನಡೆಯುವುದು. ಇಂಬಳಗಳ ಓಟ. ಇಂಬಳ ಮರದಿಂದ ಬೀಳುತ್ತದೋ ನೆಲದಿಂದ ಹತ್ತುತ್ತದೋ ನೋಡುವುದು. ಸಾಯಿಸಬಾರದು, ಯಾರ ಮೈಮೇಲೂ ಬಿಡಬಾರದು ಎಂದು ಟೀಚರು ಷರತ್ತು ಹಾಕಿದರು. ಇಂಬಳದ ಊಟವೂ ಆಗಲಿ, ಒತ್ತು ಶಾವಿಗೆ ಮಾಡಜ್ಜಿ ಎಂದು ಮಕ್ಕಳು ದುಂಬಾಲು ಬಿದ್ದವು.

"ಅನ್ನ ಸಾರೇ ಇಂಬಳ ಅನ್ಕಂಡು ತಿನ್ರೋ," ಎಂದೆ.

ಶನಿವಾರ ಮಳೆ ಸಣ್ಣಗೆ ಹಿಡಿದಿತ್ತು. ಮೊದಲು ಕಾಫಿ ಗಿಡಗಳ ನಡುವಿನ ಒಂದು ಮರದ ಕೆಳಗೆ ನಮ್ಮ ಮನೆಯ ಒಂದು ಬಿಳಿ ಪಂಚೆ ಹಾಸಿದೆವು. ಇಂಬಳ ಮರದಿಂದಲೇ ಬೀಳುತ್ತದೆಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದವಳು. ಇಲ್ಲದಿದ್ದರೆ ಕುತ್ತಿಗೆಗೆ ಹೇಗೆ ಹತ್ತುತ್ತದೆ? ಬಹಳ ಹೊತ್ತು ಕಾದೆವು. ಮೇಲಿನಿಂದ ಬಿದ್ದದ್ದು ನೀರು, ಎಲೆ, ಒಂದು ಕಟ್ಟಿರುವೆ. ಇಂಬಳಗಳು ಪಂಚೆಯ ಅಂಚಿನಿಂದ ಹತ್ತಿ ಬಂದವು.

"ಅಜ್ಜಿ ಸೋತ್ಲು!" ಎಂದು ಮಕ್ಕಳು ಕುಣಿದವು.

"ಇವತ್ತು ಬಿದ್ದಿಲ್ಲ ಅಷ್ಟೇ ಕಣ್ರೋ," ಎಂದೆ. ಈಗಲೂ ನಾನು ಪೂರ್ತಿ ಒಪ್ಪಿಲ್ಲ.

ಓಟಕ್ಕೆ ಹಲಗೆ ಬೇಕೆಂದರು. ಮನೆಯಿಂದ ಒಂದನ್ನು ಉಜ್ಜಿ ತೊಳೆದು ತಂದುಕೊಟ್ಟೆ. ಇಂಬಳಗಳನ್ನು ಕಡ್ಡಿಯಲ್ಲಿ ಎತ್ತಿ ಗೆರೆಯ ಮೇಲೆ ಬಿಟ್ಟರೆ ಒಂದೂ ಹೆಜ್ಜೆ ಹಾಕಲಿಲ್ಲ. ಎಲ್ಲವೂ ಮುದುಡಿ ಗುಂಡಗಾಗಿ ಹೊರಳಾಡಿದವು. ಮಕ್ಕಳ ಮುಖ ಬಾಡಿತು. ಲೈನಿನ ಹುಡುಗಿ ಹಲಗೆಗೆ ನಾಲಿಗೆ ಮುಟ್ಟಿಸಿ, ಥೂ ಎಂದಳು. "ಉಪ್ಪು! ಅಜ್ಜಿ, ಇದ್ರಲ್ಲಿ ಏನ್ ಮಾಡ್ತಿದ್ದೆ?"

ಮಾವಿನ ಮಿಡಿಗೆ ಉಪ್ಪು ಬೆರೆಸಿ ಹರಡುವ ಹಲಗೆ ಅದು. ಮರ ಅಷ್ಟೂ ವರ್ಷದ ಉಪ್ಪು ಕುಡಿದಿತ್ತು. ತೊಳೆದರೆ ಹೋಗುತ್ತದೆಯೇ? ಟೀಚರು ನನಗಿಂತ ಮೊದಲು ಓಡಿ ಹೋಗಿ ಚೊಂಬಿನಲ್ಲಿ ನೀರು ತಂದು ಇಂಬಳಗಳ ಮೇಲೆ ಸುರಿದರು. "ಸತ್ತೋಗ್ತವೆ, ಬಿಡಿಸ್ರೋ, ಬೇಗ ಬಿಡಿಸ್ರೋ!" ಎಂದು ಕೂಗಿದರು. ಯಾವುದಕ್ಕೆ ಹೆದರಿ ಬೆಂಚು ಹತ್ತುತ್ತಿದ್ದರೋ ಅದನ್ನೇ ಬದುಕಿಸಲು ಮಣ್ಣಿನಲ್ಲಿ ಕೂತಿದ್ದರು. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ.

ಆಮೇಲೆ ಒದ್ದೆ ಬಾಳೆ ಎಲೆ ಹಾಸಿ ಬೇರೆ ಇಂಬಳ ಬಿಟ್ಟೆವು. ಅವು ಗೆರೆಯ ಕಡೆಗೆ ಹೋಗದೆ ಟೀಚರ ಕಡೆಗೇ ತಿರುಗಿದವು.

"ನಿಮ್ ಮ್ಯಾಲೆ ಆಸೆ ಅವಕ್ಕೆ," ಎಂದೆ.

"ತಡೀರಿ ಅಜ್ಜಿ. ನಾನು ಕೂಗ್ತಿದ್ದೆ, ಅದಕ್ಕಿರಬೋದು." ಅವರು ಉಸಿರು ಬಿಗಿ ಹಿಡಿದರು. ಇಂಬಳಗಳು ತಲೆ ಎತ್ತಿ ಅತ್ತ ಇತ್ತ ತಡಕಾಡಿದವು. ಆಚೆ ತುದಿಯಲ್ಲಿದ್ದ ಹುಡುಗಿ ಉಫ್ ಎಂದು ಊದಿದಳು. ಅವು ಅವಳ ಕಡೆ ತಿರುಗಿದವು. ಟೀಚರು ಊದಿದರೆ ಮತ್ತೆ ಈ ಕಡೆ. ಆಮೇಲೆ ಓಟದ ಮಾತನ್ನೇ ಬಿಟ್ಟು ಎಲ್ಲರೂ ಊದುತ್ತಾ ಕೂತರು. ನಾನೂ ಊದಿದೆ. ಸಾರು ತಳ ಹಿಡಿಯಿತು.

ಊಟಕ್ಕೆ ಕೂತಾಗ ಆ ಹುಡುಗಿ ಕೇಳಿದಳು: "ಮಿಸ್, ಬ್ಯಾಸಿಗೇಲಿ ಇವು ಎಲ್ಲೋಯ್ತವೆ?"

ಟೀಚರು ನನ್ನ ಮುಖ ನೋಡಿದರು.

"ಸಾಯ್ತವೆ," ಎಂದೆ.

"ಎಲ್ಲಾ ಸತ್ತೋದ್ರೆ ಮಳೆಗೆ ಎಲ್ಲಿಂದ ಬತ್ತವೆ?"

"ಮಣ್ಣೊಳಿಕ್ಕೆ ಹೋಯ್ತವೇನೋ."

"ನೀ ನೋಡಿದ್ಯಾ?"

ನೋಡಿರಲಿಲ್ಲ. ಹುಟ್ಟಿದಾಗಿನಿಂದ ಅವುಗಳ ಮಧ್ಯೆಯೇ ಇದ್ದೇನೆ, ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಟೀಚರು ಫೋನು ಎತ್ತಿದರು. ನೆಟ್‌ವರ್ಕ್ ಇರಲಿಲ್ಲ.

ಮಕ್ಕಳು ಹೋದ ಮೇಲೆ ನಾನು ತಳ ಹಿಡಿದ ಪಾತ್ರೆ ತಿಕ್ಕುತ್ತಿದ್ದೆ. ಟೀಚರು ಬಾಗಿಲಲ್ಲಿ ನಿಂತು, "ಈ ಸಲ ಅರ್ಜಿ ಹಾಕಲ್ಲ ಅಜ್ಜಿ," ಎಂದರು.

"ಯಾಕೆ, ಹೆದ್ರಿಕೆ ಹೋಯ್ತಾ?"

"ಎಲ್ಲಿ ಹೋಗುತ್ತೆ! ಈಗಲೂ ಮೈ ಜುಂ ಅಂತೈತೆ. ಆದ್ರೆ ಬೇಸಿಗೇಲಿ ಅಗೆದು ನೋಡ್ಬೇಕು."

"ನೋಡಾದ್ಮೇಲೆ?"

"ಆಮೇಲಿಂದು ಆಮೇಲೆ."

ನಾನು ಅರ್ಧ ಮಾತ್ರ ನಂಬಿದೆ. ಆದರೆ ಅವರು ಹೋಗಲಿಲ್ಲ. ಕಾಫಿ ಗಿಡಕ್ಕೆ ಹೂ ತರಿಸುವ ಬೇಸಿಗೆಯ ಮಳೆಗೂ ಮುಂಚೆ, ನೆಲ ಬಿರಿದಿದ್ದಾಗ, ಶಾಲೆಯ ಹಿಂದಿನ ಹಳ್ಳದ ಪಕ್ಕ ಮಕ್ಕಳೂ ಅವರೂ ಸೇರಿ ಗುಂಡಿ ತೋಡಿದರು. ಗುದ್ದಲಿ ನನ್ನದು. ಮೇಲಿನ ಮಣ್ಣು ಹುಡಿಹುಡಿ, ಕೆಳಗೆ ಬೇರಿನ ಸಂದಿಯಲ್ಲಿ ಸ್ವಲ್ಪ ತೇವ ಸಿಕ್ಕಿತು. ಹುಡುಗಿ ಏನೋ ಕಂಡಿತೆಂದು ಕೂಗಿದಳು. ಟೀಚರು ಮಂಡಿಯೂರಿ ಮುಖವನ್ನು ಗುಂಡಿಯೊಳಗೇ ಇಟ್ಟುಬಿಟ್ಟರು. ಹಿಂದೆ ನಿಂತ ನನಗೆ ಅವರ ಜಡೆ ಬಿಟ್ಟು ಬೇರೇನೂ ಕಾಣಲಿಲ್ಲ.

"ತಲೆ ಅತ್ಲಾಗೆ ತಗೀರಿ ಟೀಚರಮ್ಮ," ಎಂದೆ, "ನಂಗೂ ಕಾಣ್ಲಿ."