ಅಕ್ಕೋರ ಮನೆಯ ಕಂಪ್ಯೂಟರ್

ಕಾದ ಧೂಳಿಗೆ ಅದರದೇ ಆದ ಒಂದು ವಾಸನೆಯಿದೆ. ಕಳೆದ ತಿಂಗಳು ಕುರ್ಲಾದ ಗುಜರಿ ಗಲ್ಲಿಯೊಂದರಲ್ಲಿ ಅದು ನನ್ನನ್ನು ಹಿಡಿದು ನಿಲ್ಲಿಸಿತು. ಬೆನ್ನು ಉಬ್ಬಿದ ಹಳೆಯ ಮಾನಿಟರೊಂದನ್ನು ಒಡೆಯುವ ಮೊದಲು, ಜೀವ ಇದೆಯೋ ಇಲ್ಲವೋ ನೋಡೋಣವೆಂದು ಅಂಗಡಿಯವನು ಅದಕ್ಕೆ ವಯರು ಚುಚ್ಚಿದ. ಒಳಗೆಲ್ಲೋ ಟಕ್ ಎಂದು ಸದ್ದಾಯಿತು. ಗಾಜು ಸಣ್ಣಗೆ ನಡುಗಿತು. ಮರುಕ್ಷಣವೇ ಆ ವಾಸನೆ, ಬಿಸಿ ಪ್ಲಾಸ್ಟಿಕ್ಕಿನದೂ ವರ್ಷಗಟ್ಟಲೆ ಕೂತ ಧೂಳಿನದೂ ಸೇರಿ. ನಾನು ಅಲ್ಲಿಗೆ ಹೋದದ್ದು ಬೇರೆ ಕೆಲಸಕ್ಕೆ. ಆ ಗಲ್ಲಿಯ ಹೆಂಗಸರು ಕೈಗವಸಿಲ್ಲದೆ ಆ್ಯಸಿಡ್ಡಿನಲ್ಲಿ ತಾಮ್ರ ತೊಳೆಯುತ್ತಾರೆ. ಅವರ ಬೆರಳ ತುದಿಯ ಚರ್ಮ ಸುಲಿದು ಹೋಗಿದೆ. ಇದು ಅನ್ಯಾಯ, ಇದನ್ನು ಅನ್ಯಾಯವೆಂಬ ಹೆಸರಿನಿಂದಲೇ ಬರೆಯಬೇಕು ಎಂದು ಮನವಿಯ ಕರಡು ಹಿಡಿದು ನಿಂತಿದ್ದೆ. ಆದರೆ ಆ ವಾಸನೆ ಬಂದ ಮೇಲೆ ಸ್ವಲ್ಪ ಹೊತ್ತು ನನ್ನಿಂದ ಏನನ್ನೂ ಬರೆಯಲಾಗಲಿಲ್ಲ. ಈಗ ಇಲ್ಲದ ಒಂದು ಮನೆ ನಿಮ್ಮೊಳಗೂ ಇದ್ದರೆ, ಅದರ ಬಾಗಿಲು ಎಂಥ ಕ್ಷುಲ್ಲಕ ವಸ್ತುವಿನಿಂದ ತೆರೆದುಕೊಳ್ಳುತ್ತದೆಂಬುದು ನಿಮಗೆ ಗೊತ್ತಿರುತ್ತದೆ.

ನಮ್ಮ ಮನೆಯಿದ್ದದ್ದು ವಡಾಲದ ಒಂದು ಚಾಳಿನ ಎರಡನೆಯ ಮಹಡಿಯಲ್ಲಿ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದೇ ಕೋಣೆ. ಬೆಳಿಗ್ಗೆ ಅದು ಜೋಳದ ರೊಟ್ಟಿಯ ಹಿಟ್ಟಿನ, ಸಂಜೆ ಬಂದರಿನ ಕಡೆಯಿಂದ ಬರುವ ಉಪ್ಪುಗಾಳಿಯ ವಾಸನೆಯಲ್ಲಿ ಇರುತ್ತಿತ್ತು. ಅಪ್ಪ ಬಂದರಿನ ಗೋದಾಮಿನಲ್ಲಿ ಗುಮಾಸ್ತ. ವಿಜಯಪುರದ ಕಡೆಯಿಂದ ಮದುವೆಗೆ ಮುಂಚೆಯೇ ಬಂದವನು. ಅವ್ವ ಕುರ್ಲಾದ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯನ್ನು ‘ಅಕ್ಕೋರು’ ಎನ್ನುತ್ತಾರೆ. ಚಾಳಿನಲ್ಲಿ ಅವ್ವನಿಗೆ ಅದೇ ಹೆಸರಾಗಿತ್ತು. ಅಣ್ಣ ಗುರು ಆಗ ಕಾಲೇಜು ಸೇರಿದ್ದ. ನನಗೆ ಹನ್ನೊಂದು ವರ್ಷ. ಊರಿನ ಮಕ್ಕಳಿಗೆಲ್ಲ ಕನ್ನಡ ಕಲಿಸುತ್ತಿದ್ದ ಅವ್ವ ತನ್ನ ಇಬ್ಬರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ್ದಳು. ಇದನ್ನು ನಾನು ಮುಚ್ಚಿಡುವುದಿಲ್ಲ. ಆ ತಪ್ಪಿನ ಲಾಭ ಉಂಡವಳೂ ನಾನೇ. ದಾದರಿನ ನನ್ನ ಶಾಲೆಯಲ್ಲಿ ಬೆತ್ತವಿರಲಿಲ್ಲ, ರ್‍ಯಾಂಕ್ ಇರಲಿಲ್ಲ. ಪ್ರತಿಯೊಂದನ್ನೂ ಚರ್ಚಿಸಿ, ಮತ ಹಾಕಿ ನಿರ್ಧರಿಸುತ್ತಿದ್ದೆವು. ಪ್ರಶ್ನಿಸುವುದನ್ನು ಕಲಿಸಿದ ಆ ಶಾಲೆಗೆ ನಾನು ಇಂದಿಗೂ ಋಣಿ.

ಸಂಜೆ ಏಳಕ್ಕೆ ನಮ್ಮ ಕೋಣೆ ಇನ್ನೊಂದು ಶಾಲೆಯಾಗುತ್ತಿತ್ತು. ಚಾಳಿನ ಎದುರು ಹದಿನಾಲ್ಕು ಮಹಡಿಯ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ಕಲ್ಲು, ಉಸುಕು ಹೊರುತ್ತಿದ್ದ ಕಲಬುರಗಿ, ಯಾದಗಿರಿ ಕಡೆಯ ಹನ್ನೆರಡು ಹೆಂಗಸರು ಕೈಕಾಲು ತೊಳೆದುಕೊಂಡು ಬಂದು ಗೋಡೆಗೊರಗಿ ಕೂರುತ್ತಿದ್ದರು. ಅವ್ವ ಅವರಿಗೆ ಅಕ್ಷರ ಕಲಿಸುತ್ತಿದ್ದಳು. ಮಕ್ಕಳ ಪುಸ್ತಕದ ಅಳಿಲು, ಆನೆ ಅವರಿಗೆ ಬೇಡವಾಗಿದ್ದವು; ಅವರು ದಿನವೂ ಆಡುವ ಮಾತುಗಳಿಂದಲೇ ಅವ್ವ ಪಾಠ ಕಟ್ಟಿ, ಹನ್ನೆರಡು ಹಾಳೆ ಮಾಡಿ ಕೊಡುತ್ತಿದ್ದಳು. ಮೊದಲು ಶಾಲೆಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಯುತ್ತಿದ್ದಳು. ಅದು ಕೆಟ್ಟಾಗ, ಮಕ್ಕಳು ಕಡಿಮೆಯಾಗುತ್ತಿರುವ ಕನ್ನಡ ಶಾಲೆಗೆ ರಿಪೇರಿ ಯಾಕೆ ಎಂದು ಮೇಲಿನವರು ಕೈಬಿಟ್ಟರು. ಅಲ್ಲಿಂದ ಅವ್ವ ಹನ್ನೆರಡು ಹಾಳೆಗಳನ್ನೂ ಕೈಯಲ್ಲೇ ಬರೆಯತೊಡಗಿದಳು. ವರ್ಷ ಕಳೆಯುವುದರೊಳಗೆ ಅವಳ ಬಲ ಮಣಿಕಟ್ಟು ಬದನೆಕಾಯಿಯಂತೆ ಊದಿತು. ಬರೆಯುವುದನ್ನು ನಿಲ್ಲಿಸದಿದ್ದರೆ ಕೈ ಹೋಗುತ್ತದೆ ಎಂದು ಡಾಕ್ಟರರು ಹೇಳಿದರು. ಬರೆಯುವುದನ್ನು ನಿಲ್ಲಿಸಿದರೆ ಆ ಸಂಜೆಯ ಶಾಲೆ ಹೋಗುತ್ತಿತ್ತು. ಅವ್ವ ಇದನ್ನು ಯಾರೆದುರೂ ದೊಡ್ಡ ಮಾತು ಮಾಡಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಮಾತ್ರ, “ನಾವೂ ಒಂದು ಕಂಪ್ಯೂಟರ್ ತಗೊಂಡ್ರ ಹೆಂಗ?” ಎಂದಳು.

ಮನೆಯಲ್ಲಿ ಅಂದಿನಿಂದ ಎರಡು ಪಕ್ಷ. ಕೆಳಗಿನ ಮಹಡಿಯ ರಘುಮಾವ ಮೈಸೂರಿನವರು, ಜಾಹೀರಾತು ಕಂಪನಿಯಲ್ಲಿ ಚಿತ್ರ ಮಾಡುವ ಕೆಲಸ. ಅವರ ಬಳಿ ವಿದೇಶಿ ಕಂಪನಿಯ ಒಂದು ಯಂತ್ರವಿತ್ತು: ಪರದೆಯೂ ಮಿದುಳೂ ಒಂದೇ ಗೂಡಿನಲ್ಲಿ, ಮೈಯೆಲ್ಲ ತಿಳಿನೀಲಿ ಪಾರದರ್ಶಕ, ಒಳಗಿನ ನರನಾಡಿ ಕಾಣುವಂತೆ. ಹೊಸದು ಕೊಳ್ಳುತ್ತಿದ್ದ ಅವರು ಅದನ್ನು ನಮಗೆ ಅಗ್ಗಕ್ಕೆ ಬಿಟ್ಟುಕೊಡಲು ಸಿದ್ಧರಿದ್ದರು. ಅದೇ ಹಣಕ್ಕೆ ಬರುವ ಇನ್ನೊಂದು ಬಗೆಯೆಂದರೆ, ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಅಂಗಡಿಗಳಲ್ಲಿ ಬಿಡಿಭಾಗ ಆರಿಸಿ ಜೋಡಿಸಿಕೊಡುವ ಬೂದುಬಣ್ಣದ ಡಬ್ಬಿ.

“ಜೋಡಿಸಿದ್ದು ಅಂದ್ರೆ ಇಲ್ಲಿಯ ಮಿಸಳ್ ತಿಂಡಿ ಥರ, ಸಾರ್,” ಎಂದರು ರಘುಮಾವ ಅಪ್ಪನಿಗೆ. “ಯಾವ ಅಂಗಡಿ ಕಾಳು, ಯಾವ ಅಂಗಡಿ ಮಿಕ್ಸ್ಚರ್ ಒಳಗೆ ಬಿದ್ದಿದೆಯೋ ದೇವರಿಗೇ ಗೊತ್ತು.”

ಅಪ್ಪನಿಗೆ ಜಾಗದ ಚಿಂತೆ. “ಒಂದ ಡಬ್ಬಿ, ಒಂದ ವಯರು. ಟ್ರಂಕಿನ ಮ್ಯಾಲ ಕೂಡತೈತಿ. ಮತ್ತೇನ ಬೇಕು?”

“ಅದನ್ನ ಬಿಚ್ಚಾಕ ಬರಂಗಿಲ್ಲಪ್ಪಾ,” ಎಂದ ಅಣ್ಣ. “ಕೆಟ್ರ ಅದಕ್ಕ ಊದಿನಕಡ್ಡಿ ಹಚ್ಚಿ ಕೈಮುಗಿಬೇಕಷ್ಟ.” ಅವನ ಆಸೆ ಆಟಗಳ ಮೇಲಿತ್ತು; ಅವು ಬೂದು ಡಬ್ಬಿಯಲ್ಲಿ ಸಿಗುತ್ತಿದ್ದವು. ನನಗೆ ಆ ನೀಲಿ ಬೇಕಾಗಿತ್ತು, ಬರೀ ನೀಲಿಯೆಂಬ ಕಾರಣಕ್ಕೆ. ಅವ್ವ ಬಿಸಿ ಉಪ್ಪಿನ ಬಟ್ಟೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು ಎಲ್ಲವನ್ನೂ ಕೇಳುತ್ತ ಕೂತಿದ್ದಳು. ಕಂಪ್ಯೂಟರ್ ಯಾತಕ್ಕೆ ಬೇಕು ಎಂದು ಅವಳನ್ನು ಕೇಳಲು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಪ್ರೀತಿಯಿಂದಿದ್ದ ಮನೆಯಲ್ಲೇ, ಯಾರಿಗೂ ಕೇಡು ಬಯಸದ ಜನರಿಂದಲೇ ಇದು ನಡೆಯಿತು.

ವಾರವಾದರೂ ವಾದ ತೀರದಿದ್ದಾಗ, ನಾನು ಶಾಲೆಯಲ್ಲಿ ಕಲಿತಂತೆ ಗುಪ್ತ ಮತದಾನ ಏರ್ಪಡಿಸಿದೆ. ಬಿಸ್ಕತ್ತಿನ ಡಬ್ಬಿಯೇ ಮತಪೆಟ್ಟಿಗೆ. ಹದಿನೆಂಟು ತುಂಬದವರಿಗೆ ಮತವಿಲ್ಲವೆಂಬ ನಿಯಮ ನಮ್ಮ ಮನೆಗೆ ಅನ್ವಯಿಸದು ಎಂದು ಮೊದಲೇ ಸಾರಿದೆ. ಚೀಟಿಯಲ್ಲಿ ‘ನೀಲಿ’ ಅಥವಾ ‘ಬೂದು’ ಎಂಬ ಒಂದು ಪದವಷ್ಟೇ ಇರಬೇಕು, ಬೇರೇನು ಬರೆದರೂ ಮತ ಅಸಿಂಧು. ಆ ಹೊತ್ತಿಗೆ ಸಂಜೆಯ ತರಗತಿಗೆ ಎಲ್ಲರಿಗಿಂತ ಮೊದಲು ಬಂದ ಸಿದ್ದವ್ವ ಹೊಸ್ತಿಲ ಬಳಿ ಕೂತಿದ್ದಳು. ಮೂವತ್ತರ ಆಸುಪಾಸಿನ ಹೆಂಗಸು. ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿದ್ದರೂ ನಗು ಸವೆಯದವಳು. ಚೀಟಿ ಬಿಚ್ಚಿದೆ. ಅಪ್ಪನದೂ ನನ್ನದೂ ನೀಲಿ. ಅಣ್ಣನದು ಬೂದು. ನಾಲ್ಕನೆಯದರಲ್ಲಿ ಅವ್ವನ ಗುಂಡು ಅಕ್ಷರ, ಕೈನೋವಿನಿಂದ ಸ್ವಲ್ಪ ಓರೆಯಾಗಿ: ‘ಯಾವುದರಲ್ಲಿ ಕನ್ನಡ ಬರುತ್ತದೋ ಅದು.’

“ಅಸಿಂಧು,” ಎಂದು ನಾನು ಚೀಟಿಯನ್ನು ಪಕ್ಕಕ್ಕಿಟ್ಟೆ. “ಎರಡಕ್ಕೆ ಒಂದು. ನೀಲಿ ಗೆದ್ದಿತು.”

ಸಿದ್ದವ್ವ ಕೇಳಿದಳು: “ಅಕ್ಕೋರ ಚೀಟಿ ಯಾಕ ತಗದಿಟ್ಟಿ ತಂಗಿ?”

“ನಿಯಮ ಹಾಗಿದೆ.”

“ಯಾರ ಮಾಡ್ಯಾರ ನಿಯಮ?”

“ನಾನೇ.”

“ಹಂಗಾರ ನೀನೂ ಮುಕಾದಮ ಆದಿ ಬಿಡವ್ವ,” ಎಂದು ಅವಳು ನಕ್ಕಳು. ಮುಕಾದಮನೆಂದರೆ ಇವರನ್ನೆಲ್ಲ ಊರಿನಿಂದ ಕರೆತಂದು ಕೆಲಸಕ್ಕೆ ಹಚ್ಚಿದವನು; ಯಾರು ಯಾವಾಗ ಕೂರಬೇಕು, ಯಾವಾಗ ಏಳಬೇಕು ಎಂಬುದೆಲ್ಲ ಅವನ ಬಾಯಲ್ಲಿತ್ತು. ಅವನೂ ಇವರ ಊರಿನವನೇ. ಅಪ್ಪ, ಅಣ್ಣ ಇಬ್ಬರೂ ನಕ್ಕರು. ನನ್ನ ಕಿವಿ ಬಿಸಿಯಾದವು. ಅನ್ಯಾಯವೆಂದರೆ ದೊಡ್ಡವರು, ಶ್ರೀಮಂತರು, ದೂರದವರು ಮಾಡುವಂಥದ್ದು ಎಂದುಕೊಂಡಿದ್ದೆ. ಅದು ಬಿಸ್ಕತ್ತಿನ ಡಬ್ಬಿಯ ಮುಂದೆ ನನ್ನದೇ ದನಿಯಲ್ಲಿ ಮಾತಾಡಿತ್ತು. ಚೀಟಿಯನ್ನು ಮತ್ತೆ ಎತ್ತಿಕೊಂಡು, ಅಪ್ಪನ ಕಡೆ ನೋಡದೆ, “ಮೊದಲು ಎರಡನ್ನೂ ಪರೀಕ್ಷಿಸಬೇಕು,” ಎಂದೆ.

ರಘುಮಾವ ಅಂದು ತಮ್ಮ ನೀಲಿ ಯಂತ್ರದೆದುರು ಒಂದು ಗಂಟೆ ಬೆವರಿದರು. ನಾನಾ ಪರಿಯಲ್ಲಿ ಯತ್ನಿಸಿದರು. ಪರದೆಯ ಮೇಲೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಸಾಲಾಗಿ ಬಂದು ಕೂತವು. “ಬರ್ತಿಲ್ಲ ಟೀಚರ್,” ಎಂದರು ಕೊನೆಗೆ, ಅಪರಾಧಿಯಂತೆ. “ನಾನೂ ಇಷ್ಟು ವರ್ಷದಲ್ಲಿ ಒಂದು ಸಲವೂ ಇದರಲ್ಲಿ ಕನ್ನಡ ಟೈಪ್ ಮಾಡೋಕೆ ಹೋಗಿಲ್ಲ ನೋಡಿ.”

ಭಾನುವಾರ ಅವ್ವ ತನ್ನ ಮೊದಲ ಪಾಠದ ಹಾಳೆಯನ್ನು ಪರ್ಸಿನಲ್ಲಿಟ್ಟುಕೊಂಡು ನನ್ನ ಜೊತೆ ಗ್ರ್ಯಾಂಟ್ ರೋಡಿಗೆ ಹೊರಟಳು. ಎಷ್ಟು ಮೆಮರಿ, ಯಾವ ಪ್ರೊಸೆಸರ್ ಎಂದು ಎಲ್ಲರೂ ಕೇಳುತ್ತಿದ್ದ ಆ ಬೀದಿಯಲ್ಲಿ ಅವಳು ಪ್ರತಿ ಅಂಗಡಿಯಲ್ಲೂ ಹಾಳೆ ಬಿಡಿಸಿ ಗಾಜಿನ ಮೇಜಿನ ಮೇಲಿಟ್ಟು ಒಂದೇ ಮಾತು ಕೇಳಿದಳು: “ಯೇ ಲಿಖ್‌ಕೇ ದಿಖಾವ್.” ಇದನ್ನು ಬರೆದು ತೋರಿಸಿ. ಒಬ್ಬ, ಮನೆಯ ಬಳಕೆಗೆ ಇದೆಲ್ಲ ಯಾಕೆ ಎಂದ. ಇನ್ನೊಬ್ಬ ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿದ. ಐದನೆಯ ಅಂಗಡಿಯ ಜಿಗ್ನೇಶ್‌ಭಾಯಿ ಮಾತ್ರ ಕನ್ನಡಕ ಏರಿಸಿ ಗಂಭೀರವಾಗಿ ನೋಡಿ, “ಮದ್ರಾಸಿ ಹೈ ಕ್ಯಾ ಮ್ಯಾಡಮ್?” ಎಂದರು.

“ಕನ್ನಡ,” ಎಂದಳು ಅವ್ವ. “ಮದ್ರಾಸಿ ಅಂತ ಯಾವ ಭಾಷೆಯೂ ಇಲ್ಲ ಭಾಯಿಸಾಬ್.” ಅದನ್ನೂ ಹಿಂದಿಯಲ್ಲಿ, ತರಗತಿಯಲ್ಲಿ ತಿದ್ದುವಷ್ಟೇ ಮೃದುವಾಗಿ ಹೇಳಿದಳು.

“ಸಾರಿ, ಕನ್ನಡ,” ಎಂದು ಅವರು ತಿದ್ದಿಕೊಂಡು ಡ್ರಾಯರುಗಳನ್ನೆಲ್ಲ ಜಾಲಾಡಿ ಒಂದು ಸಿ.ಡಿ. ತೆಗೆದರು. ಅದು ಭಾರತದ ಲಿಪಿಗಳ ಸಿ.ಡಿ., ಯಾರೂ ಕೇಳದೆ ಮೂಲೆ ಸೇರಿದ್ದು. ಜೋಡಿಸಿ ಮೇಜಿನ ಮೇಲಿಟ್ಟಿದ್ದ ಬೂದು ಡಬ್ಬಿಗೆ ಅದನ್ನು ತುರುಕಿದರು. ಅರ್ಧ ಗಂಟೆಯ ಮೇಲೆ, ಯಾವ ಕೀಲಿ ಒತ್ತಿದರೆ ಏನು ಬರುತ್ತದೆಂದು ತಿಳಿಯದೆ ಅವ್ವ ಎಡಗೈಯ ಒಂದು ಬೆರಳಿನಿಂದ ಹುಡುಕಿ ಹುಡುಕಿ ಒತ್ತುತ್ತಿದ್ದಾಗ, ಕಪ್ಪು ಗಾಜಿನ ಮೇಲೆ ‘ನೀರು’ ಎಂದು ಮೂಡಿತು. ಅದೇ ಅವಳ ಮೊದಲ ಪಾಠದ ಮೊದಲ ಪದ. ಅವ್ವ ಅದನ್ನು ಮುಟ್ಟಿದಳು. ಗಾಜು ಚಟಪಟ ಎಂದಿತು. “ಮಾಲ್ ಪಸಂದ್ ಆಯಾ,” ಸರಕು ಹಿಡಿಸಿತು, ಎಂದು ಜಿಗ್ನೇಶ್‌ಭಾಯಿ ತಮ್ಮಷ್ಟಕ್ಕೆ ಹೇಳಿಕೊಂಡರು.

ಒಂದು ಹಳೆಯ ಪ್ರಿಂಟರಿನ ಜೊತೆ ಬೂದು ಡಬ್ಬಿ ಬಂತು. ಅದರ ಭಾರದ ಮಾನಿಟರನ್ನು ಎರಡು ಮಹಡಿ ಹೊತ್ತು ತಂದವರು ರಘುಮಾವನೇ. ಅದು ಅಪ್ಪನ ಟ್ರಂಕಿನ ಮೇಲೆ ಹಿಡಿಸಲಿಲ್ಲ. ಅಪ್ಪ ಗೊಣಗುತ್ತಲೇ ಗೋದಾಮಿನಿಂದ ಎರಡು ಹಲಗೆ ತಂದು ಮಂಚದ ಕಾಲಿಗೆ ಕಟ್ಟಿ ಮೇಜು ಮಾಡಿದ. ಅವ್ವ ಚಿಕ್ಕ ಚಿಕ್ಕ ಕಾಗದದ ಚೂರುಗಳಲ್ಲಿ ಅಕ್ಷರ ಬರೆದು ಕೀಲಿಗಳ ಮೇಲೆ ಅಂಟಿಸಿದಳು. ಅವಳು ಹೇಳುವಳು, ನಾನು ಒತ್ತುವೆನು. ಕನ್ನಡವನ್ನು ಸರಾಗವಾಗಿ ಬರೆಯಲು ನಾನು ಕಲಿತದ್ದು ಹಾಗೆ, ಕೂಲಿಯ ಹೆಂಗಸರ ಪಾಠಗಳನ್ನು ಟೈಪು ಮಾಡುತ್ತ. ಹನ್ನೆರಡು ಹಾಳೆ ಪ್ರಿಂಟರಿನಿಂದ ಬೆಚ್ಚಗೆ ಹೊರಬರುತ್ತಿದ್ದವು. ಅವ್ವನ ಮಣಿಕಟ್ಟಿನ ಊತ ನಿಧಾನವಾಗಿ ಇಳಿಯಿತು.

ಚಳಿಗಾಲ ಕಳೆಯುವ ಹೊತ್ತಿಗೆ, ನಿಮಗೆ ಬೇಕಾದದ್ದನ್ನು ನೀವೇ ಹೇಳಿ, ಅದೇ ಇವತ್ತಿನ ಪಾಠ ಎಂದು ಅವ್ವ ತರಗತಿಗೆ ಹೇಳಿದಳು. ಸಿದ್ದವ್ವ ಸ್ವಲ್ಪ ಯೋಚಿಸಿ ಹೇಳಿದಳು: “ಈ ಬಿಲ್ಡಿಂಗಿನ ನೀರಿನ ಟಾಕಿ ನಾವು ಕಟ್ಟೀವಿ. ನಮಗ ಕುಡಿಲಾಕ ನೀರಿಲ್ಲ. ನಮಗೊಂದು ನಳ ಬೇಕು.” ನಿಜವಾಗಿಯೂ ಆ ಹೆಂಗಸರು ಕುಡಿಯುವ ನೀರಿಗೆ ರಸ್ತೆ ದಾಟಿ ನಮ್ಮ ಚಾಳಿಗೆ ಬರಬೇಕಾಗಿತ್ತು, ಅದಕ್ಕೂ ಮುಕಾದಮನ ಅಪ್ಪಣೆ ಬೇಕಿತ್ತು. ನಾನು ಉತ್ಸಾಹದಿಂದ ‘ಮಾನ್ಯರೇ, ಕುಡಿಯುವ ನೀರು ಪ್ರತಿಯೊಬ್ಬರ ಹಕ್ಕಾಗಿದ್ದು’ ಎಂದು ಶುರುಮಾಡಿದೆ. ಅವ್ವ ನನ್ನ ಕೈ ಹಿಡಿದಳು. “ಆಕಿ ಹೇಳಿದಂಗ ಬರಿ. ಆಕೀ ಮಾತದು.” ಅಳಿಸಿ, ಹಾಗೆಯೇ ಬರೆದೆ.

ಇವತ್ತು ಆ ಚಾಳಿಲ್ಲ. ಮರುನಿರ್ಮಾಣದ ಹೆಸರಿನಲ್ಲಿ ಅದನ್ನು ಕೆಡವಿ, ನಲವತ್ತು ಮನೆಗಳ ಜನರನ್ನು ನಲವತ್ತು ದಿಕ್ಕಿಗೆ ಕಳಿಸಿದರು. ಅದನ್ನು ಅಭಿವೃದ್ಧಿ ಎಂದು ಕರೆಯಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಎದುರಿನ ಕಟ್ಟಡ ಮುಗಿದ ವಾರವೇ ಹನ್ನೆರಡು ಹೆಂಗಸರು ತಮ್ಮ ಪಾಠದ ಹಾಳೆಗಳನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ವಿಕ್ರೋಳಿಯ ಕಡೆಗೋ ಇನ್ನೆಲ್ಲಿಗೋ ಹೋದರು. ಅವರ ವಿಳಾಸ ಯಾರಿಗೂ ಗೊತ್ತಿರಲಿಲ್ಲ, ಅವರಿಗೂ ಕೂಡ. ಆದರೆ ಅದಕ್ಕಿಂತ ಮೊದಲು ನಳ ಬಂದಿತ್ತು, ಗೇಟಿನ ಒಳಗೆ, ದಿನಕ್ಕೆ ಎರಡು ಹೊತ್ತು. ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಬೂದು ಡಬ್ಬಿಯನ್ನು ಅಣ್ಣ ಅದಕ್ಕೂ ಮುಂಚೆ ಯಾವುದೋ ಗುಜರಿಗೆ ಹಾಕಿದ್ದ.

ನನ್ನಲ್ಲಿ ಉಳಿದಿರುವುದು ಮೂರನೆಯ ಪ್ರತಿಯ ಬೆಳಗು. ಸಿದ್ದವ್ವನ ಮೂರು ಸಾಲನ್ನು ನಾವು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಕೊಟ್ಟೆವು. ಅವಳು ಅದನ್ನು ಕಟ್ಟಡದ ಸುತ್ತಲಿನ ತಗಡಿನ ಬೇಲಿಗೆ ಗಂಜಿಯಿಂದ ಅಂಟಿಸಿದಳು. ಮುಕಾದಮ ಹರಿದ. ಮರುದಿನ ಇನ್ನೊಂದು ಪ್ರತಿ, ಅದನ್ನೂ ಹರಿದ. ಮೂರನೆಯ ಬೆಳಿಗ್ಗೆ ಅವ್ವನೂ ನಾನೂ ಸ್ಟೇಷನ್ನಿಗೆ ಹೊರಟಾಗ ಹೆಂಗಸರೆಲ್ಲ ಬುಟ್ಟಿಗಳನ್ನು ಕೆಳಗಿಟ್ಟು ಬೇಲಿಯ ಮುಂದೆ ನಿಂತಿದ್ದರು. ಸಿದ್ದವ್ವನ ಸಿಮೆಂಟು ಹತ್ತಿದ ಬೆರಳು ಅಕ್ಷರದಿಂದ ಅಕ್ಷರಕ್ಕೆ ಚಲಿಸುತ್ತಿತ್ತು, ಉಳಿದವರ ದನಿ ಅದರ ಹಿಂದೆ ತಡವರಿಸುತ್ತ ಬರುತ್ತಿತ್ತು. ಮುಕಾದಮ ಬಂದು ಕಾಗದದ ಮೂಲೆ ಹಿಡಿದ. ಅವಳು ತಲೆಯೆತ್ತಿಯೂ ನೋಡಲಿಲ್ಲ. “ತಡಿಯೋ ಅಣ್ಣ,” ಎಂದಳು, “ಇನ್ನೊಂದು ಸಾಲೈತಿ.”

ದೂರದಲ್ಲಿ ನಮ್ಮ ಲೋಕಲ್ ಕೂಗಿತು. ಅವ್ವ ಕದಲಲಿಲ್ಲ. ಬೆರಳು ಮತ್ತೆ ಮುಂದೆ ಸರಿಯಿತು. ನ, ಮ, ಗೊಂ ಎಂದು ಹನ್ನೆರಡು ದನಿಗಳು ಒಂದೊಂದನ್ನೇ ಎತ್ತಿಕೊಂಡವು. ಅವನು ಕಾಗದದ ಮೂಲೆಯನ್ನು ಹಿಡಿದುಕೊಂಡೇ ಕಾಯುತ್ತ ನಿಂತಿದ್ದ. ಅವನ ತುಟಿಗಳೂ ಸಣ್ಣಗೆ ಅಲ್ಲಾಡುತ್ತಿದ್ದವು.