ಸಂಶಯ ಹೋಗದ ಫಕೀರಪ್ಪ

ಪುಣೆಯ ಧನಕವಡಿಯ ಫಕೀರಪ್ಪನಿಗೆ ಈಗ ಅರವತ್ತಾರು. ಇದರಲ್ಲಿ ಮೂವತ್ತು ವರ್ಷ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟಿದ. ಕೊಪ್ಪಳದ ಕಡೆಯವನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ರಿಟೈರ್ ಆದ ಮೇಲೆ ಅವನಿಗೆ ಉಳಿದ ಹುದ್ದೆ ಒಂದೇ, ಶಿಷ್ಯನದು.

ಹಾಗೆಂದು ಅವನು ಯಾವ ಸ್ವಾಮಿಯ ಕಾಲಿಗೂ ಬಿದ್ದವನಲ್ಲ. ಪ್ರತಿ ರವಿವಾರ ಹತ್ತು ಗಂಟೆಗೆ ಒಂದು ಸ್ಟೇಶನರಿ ಅಂಗಡಿಯ ಮಾಳಿಗೆಯಲ್ಲಿ ನಮ್ಮ ಕನ್ನಡದ ಮಂದಿ ಕೂಡಿ ಗೀತೆ ಓದುತ್ತಾರೆ. ಗೀತೆ ಎಂದರೆ ಯುದ್ಧಭೂಮಿಯದೊಂದೇ ಎಂದು ನಾನು ತಿಳಿದಿದ್ದೆ. ರಾಶಿ ಇವೆಯಂತೆ. ಮಾಂಸ ಮಾರುವವನು ಬ್ರಾಹ್ಮಣನಿಗೆ ಹೇಳಿದ್ದು, ಮೈಯೆಲ್ಲ ಡೊಂಕಾದ ಹುಡುಗ ರಾಜನಿಗೆ ಹೇಳಿದ್ದು, ಹಂಸವೊಂದು ಇಳಿದು ಬಂದು ಋಷಿಗಳಿಗೆ ಹೇಳಿದ್ದು, ಬೆಟ್ಟದ ಮೇಲೆ ಕೂತು ಗಂಡ ಹೆಂಡತಿಗೆ ಹೇಳಿದ್ದು. ಎಲ್ಲದರಲ್ಲೂ ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ. ವಿಷಯವೂ ಒಂದೇ: ನಾನು ಯಾರು? ನಾನು ಅಲ್ಲಿಗೆ ಹೋಗುವುದು ಓದು ಮುಗಿದ ದಿನದ ಎಣ್ಣೆಗಾಯಿ ಮತ್ತು ಗೋಧಿ ಹುಗ್ಗಿಗಾಗಿ. ಇದನ್ನು ಮುಚ್ಚಿಡುವುದಿಲ್ಲ.

ಓದು ಶುರುವಾದ ವರ್ಷ ಗುರುವಿನ ಮಾತು ಓದಲು ಎಂಟು ಜನ ಮುಂದೆ ಬಂದರು. ಶಿಷ್ಯನ ಮಾತು ಓದಲು ಒಬ್ಬನೂ ಇಲ್ಲ. ನಮ್ಮ ಕಾರ್ಮಿಕ ಚಳವಳಿಯಲ್ಲೂ ಇದೇ ಹಣೆಬರಹ ಇತ್ತು. ಕೊನೆಗೆ ಗುರುವಿನ ಚಾಪೆ ಕೃಷ್ಣಾಜಿಯವರಿಗೆ ಸಿಕ್ಕಿತು. ಶಿವಾಜಿನಗರದ ಕೋರ್ಟಿನಲ್ಲಿ ಕಾರಕೂನರಾಗಿದ್ದವರು, ಸಂಸ್ಕೃತ ಬಲ್ಲವರು. ಗೀತೆಗಳನ್ನು ಕನ್ನಡಕ್ಕೆ ಬರೆದು ಝೆರಾಕ್ಸ್ ಮಾಡಿಸಿ ಹಂಚುವವರೂ ಅವರೇ. ಎದುರಿನ ಚಾಪೆಯ ಮೇಲೆ ಫಕೀರಪ್ಪ ಕೂತ. ಆರನೇ ಇಯತ್ತೆಯವರೆಗೆ ಓದಿದ್ದ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದ. ಪುಸ್ತಕದ ಪ್ರಶ್ನೆ ಮುಗಿದ ಮೇಲೆ ತನ್ನದೊಂದನ್ನು ಸೇರಿಸುತ್ತಿದ್ದ. ಕೃಷ್ಣಾಜಿ ಇದಕ್ಕೆ ಪಾಟಿ ಸವಾಲು ಎಂದು ಹೆಸರಿಟ್ಟಿದ್ದರು. ಫೌಂಡ್ರಿಯ ಮೇಸ್ತ್ರಿ, ಸೊಸೈಟಿಯ ಚೇರ್ಮನ್, ಸ್ವಂತ ಅಳಿಯ, ಯಾರೂ ಅವನ ಪ್ರಶ್ನೆಗೆ ನಿಂತು ಉತ್ತರ ಕೊಟ್ಟವರಲ್ಲ. ಕೇಳಿದರೆ ಎದುರಿನವನು ಹೇಳಲೇಬೇಕಾದ ಜಾಗ ಅವನಿಗೆ ಈ ಜನ್ಮದಲ್ಲಿ ಸಿಕ್ಕಿದ್ದು ಆ ಚಾಪೆ ಒಂದೇ.

ತಕರಾರು ಬಂದದ್ದು ಕೊನೆಯ ಸಾಲಿಗೆ. ಕೋರ್ಟಿನ ಕಾಗದಗಳ ಅಡಿಯಲ್ಲಿ "ಓದಿ ಹೇಳಲಾಗಿ ಸರಿ ಇದೆ" ಎಂದು ಬರೆದು ಬರೆದು ಕೃಷ್ಣಾಜಿಯವರ ಕೈಗೆ ಚಟ ಅಂಟಿತ್ತು. ತಮ್ಮ ಝೆರಾಕ್ಸಿನಲ್ಲಿ ಪ್ರತಿ ಗೀತೆಯ ಕಟ್ಟಕಡೆಗೆ ಶಿಷ್ಯನ ಬಾಯಿಗೆ ಒಂದೇ ಸಾಲು ಹಾಕಿದ್ದರು: "ನನ್ನ ಸಂಶಯ ಹೋಯಿತು, ನನಗೆ ತಿಳಿಯಿತು." ಅದಾದ ಮೇಲೆ ಮಂಗಳಾರತಿ, ಆಮೇಲೆ ಊಟ. ಮಾಂಸ ಮಾರುವವನ ಗೀತೆ ಮುಗಿದಾಗ ಫಕೀರಪ್ಪ ಆ ಸಾಲನ್ನು ಖುಷಿಯಿಂದ ಓದಿದ್ದ. ಕಸುಬಿನವನ ಮಾತು, ತಿಳಿದಿತ್ತು. ಡೊಂಕು ಹುಡುಗನದು ಮುಗಿದ ದಿನ ಬೆರಳು ಕೊನೆಯ ಸಾಲಿನ ಕೆಳಗೆ ನಿಂತುಬಿಟ್ಟಿತು.

"ಓದ್ರಿ," ಎಂದರು ಕೃಷ್ಣಾಜಿ.

"ಓದಾಕ ಬರ್ತೈತ್ರಿ. ಹೇಳಾಕ ಬರೂದಿಲ್ಲ."

"ಯಾಕ?"

"ಹೋಗಿಲ್ಲಲ್ರಿ, ಸಂಶಯ."

ಹಿಂದೆ ಯಾರೋ ಕಿಸಕ್ಕೆಂದರು. ಸಂಘದ ಕಾರ್ಯದರ್ಶಿ ಶಿವಪ್ರಕಾಶ ಎದ್ದು ಬಂದ. ಸೀರೆ ವ್ಯಾಪಾರಿ, ಒಳ್ಳೇ ಮಾತುಗಾರ. "ಫಕೀರಪ್ಪಣ್ಣಾ, ಅದು ನಿಮ್ಮ ಸಂಶಯ ಅಲ್ರಿ, ರಾಜಂದು. ಅವಂದು ಹೋಗೇದ. ಅವನ ಪರವಾಗಿ ಅಂದುಬಿಡ್ರಿ, ಸಾಕು."

"ರಾಜಾಗ ಸೊಂಟನೋವು ಇರಲಿಲ್ಲ ಕಾಣ್ತೈತಿ. ನಾ ಕೇಳೂದು ಒಂದ. ಈ ಮೈ ನಾನಲ್ಲ ಅಂತೀರಿ. ಆತು. ಹಂಗಾರ ಮುಂಜಾನೆ ಏಳೂಮುಂದ ನೋವು ಆಗೂದು ಯಾರಿಗೆ?"

"ಮೈಗೆ," ಎಂದರು ಕೃಷ್ಣಾಜಿ.

"ಮೈಗೆ ಆದ್ರ ಮೈ ಒದರ್ಲಿ. ನಾ ಯಾಕ ಒದರ್ತೀನಿ?"

"ಹಗ್ಗಾ ನೋಡಿ ಹಾವು ಅಂದ್ಕೊಂಡಂಗ ಅದು. ದೀಪಾ ತಂದು ನೋಡಿದ್ರ ಹಾವು ಇರೂದಿಲ್ಲ."

"ದೀಪ ಏನ್ರಿ, ಎಕ್ಸ್-ರೇ ತಗಸಿ ನೋಡೀನಿ. ನೋವು ಅಲ್ಲೇ ಐತಿ."

ಒಳಗಿನಿಂದ ಫಕೀರಪ್ಪನ ಹೆಂಡತಿ ಶಿವಗಂಗವ್ವನ ದನಿ ಬಂತು. ಅಡಿಗೆಯ ಉಸ್ತುವಾರಿ ಅವಳದು. "ಹುಗ್ಗಿ ಗಟ್ಟಿ ಆಗಾಕತ್ತೈತಿ. ಆ ರಾಜಾಗ ಲಗೂ ತಿಳ್ಕೋ ಅನ್ರಿ."

ಎಲ್ಲರಿಗೂ ಹಸಿವಾಗಿತ್ತು, ನನಗೂ. ಶಿವಪ್ರಕಾಶನ ದನಿ ಗಡುಸಾಯಿತು. "ಅಂದ್ರ ಅನ್ರಿ. ಇಲ್ಲಾಂದ್ರ ಮುಂದಿನ ಗೀತೆಗೆ ಬ್ಯಾರೆ ಶಿಷ್ಯನ್ನ ನೋಡಬೇಕಾಗ್ತದ."

ಫಕೀರಪ್ಪ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ.

ಈ ಹಠದಲ್ಲಿ ನನ್ನದೂ ಪಾಲಿದೆ. ಇಪ್ಪತ್ತೈದು ವರ್ಷದ ಹಿಂದೆ ಅವನ ಫೌಂಡ್ರಿಯ ಯೂನಿಯನ್ನಿಗೆ ನಾನೇ ಲೀಡರ್. ಐವತ್ತೆಂಟು ದಿನ ಮುಷ್ಕರ ಮಾಡಿ ಒಂದು ಒಪ್ಪಂದ ಗಿಟ್ಟಿಸಿದೆವು. ಗೇಟಿನ ಮುಂದೆ ಬಿಸಿಲಲ್ಲಿ ನಿಂತು ಅದನ್ನು ಗಡಬಡಿಸಿ ಓದಿ, "ಸಮಜ್ಲಂ ಕಾ?" ಎಂದು ಕೇಳಿದೆ. ತಿಳಿಯಿತಾ ಎಂದು. ಮುನ್ನೂರು ಮಂದಿ ಒಂದೇ ಕೊರಳಲ್ಲಿ "ಸಮಜ್ಲಂ" ಎಂದರು. ಒಳಗೊಂದು ಸಾಲಿತ್ತು, ಆಡಳಿತ ಹೇಳಿದ ಸ್ಥಳದಲ್ಲಿ ಕೆಲಸ ಮಾಡತಕ್ಕದ್ದು ಎಂದು. ಆ ಸ್ಥಳ ಇಂದಾಪುರದ ಆಚೆ ಕಬ್ಬಿನ ಹೊಲಗಳ ನಡುವೆ ಎದ್ದಿದ್ದ ತಗಡಿನ ಶೆಡ್ಡು. ಆರು ವರ್ಷ ಫಕೀರಪ್ಪ ಸೋಮವಾರ ಹೋಗಿ ಶನಿವಾರ ಬಂದ, ಎಸ್.ಟಿ. ಬಸ್ಸಿನ ಹಿಂದಿನ ಸೀಟಿನಲ್ಲಿ. ಸೊಂಟ ಹೋದದ್ದು ಅಲ್ಲೇ. ಆದರೂ ನನ್ನನ್ನು ಬೈಯಲಿಲ್ಲ. ಒಮ್ಮೆ ಮಾತ್ರ ಕೇಳಿದ: "ಲೀಡರ್ರ, ಅವತ್ತು ನಿಮಗಾರ ತಿಳಿದಿತ್ತೇನು?"

"ಪೂರಾ ಅಲ್ಲ," ಎಂದೆ.

"ಹಂಗಾರ ಮುನ್ನೂರಾ ಒಂದು ಮಂದಿ ಕೂಡಿ ಸುಳ್ಳ ಹೇಳಿದ್ವಿ."

ಅಂದಿನಿಂದ ತಿಳಿಯದೆ "ತಿಳೀತು" ಎಂಬ ಮಾತು ಅವನ ಬಾಯಿಂದ ಬಂದಿಲ್ಲ. ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟರೆ ಮೂರು ಸಲ ಹೇಳಿಸುತ್ತಾನೆ. ಅವನ ಹಿಂದೆ ಪಾಳಿ ಹಚ್ಚುವವರಿಗೆ ದೇವರೇ ಗತಿ.

ಮಾಳಿಗೆಯಲ್ಲಿ ಆ ದಿನ ಅವನು ಕಾಗದಗಳನ್ನು ಒಟ್ಟುಮಾಡಿ ಶಿವಪ್ರಕಾಶನ ಕೈಗಿಟ್ಟ. "ಜಾಗಾ ಬಿಡ್ತೀನ್ರಿ. ಸುಳ್ಳ ಅನ್ನಾಂಗಿಲ್ಲ." ಮಂಗಳಾರತಿ ಇಲ್ಲದೆ ಉಂಡೆವು. ಹುಗ್ಗಿ ಚಮಚೆಗೆ ಬಗ್ಗುತ್ತಿರಲಿಲ್ಲ.

ಮುಂದಿನದು ಹಂಸದ ಗೀತೆ. ಶಿಷ್ಯನ ಚಾಪೆಯ ಮೇಲೆ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಶಿವಪ್ರಕಾಶನೇ ಕೂತ. ಮೂರು ರವಿವಾರಕ್ಕೆ ಗೀತೆ ಮುಗಿಯಿತು. ಬಣ್ಣ ಹೋಗುವುದಿಲ್ಲ ಎಂದು ಸೀರೆ ಕೊಡುವ ಧಾಟಿಯಲ್ಲೇ ಸಂಶಯ ಹೋಯಿತು ಎಂದ. ನಡುವೆ ಅರ್ಧ ಮಂದಿ ತೂಕಡಿಸಿದರು, ಉಳಿದರ್ಧ ಕೊನೆಯ ದಿನ ಊಟದ ಹೊತ್ತಿಗಷ್ಟೇ ಬಂದರು. ನನಗೆ ಸಂಗಾತಿಗಳು ಹೆಚ್ಚಾದರು.

ಫಕೀರಪ್ಪ ರವಿವಾರ ಮನೆಯಲ್ಲೇ ಉಳಿದ. ಅವನು ಸೋತು ಕೂತಿದ್ದಾನೆ ಎಂದು ಅವನ ಮುಖದಿಂದ ಗೊತ್ತಾಗುತ್ತಿರಲಿಲ್ಲ, ಶಿವಗಂಗವ್ವನ ಮುಖದಿಂದ ಗೊತ್ತಾಗುತ್ತಿತ್ತು. ಪ್ರಶ್ನೆಗಳೆಲ್ಲ ಈಗ ಅವಳ ಪಾಲಿಗೆ ಬಂದಿದ್ದವು. "ಮೆಂತೆಪಲ್ಯ ಸೋಸೂಮುಂದ ಬಂದು, ಸೋಸಾಕಿ ಯಾರು ಅಂತ ಕೇಳ್ತಾರ್ರಿ," ಎಂದು ನನಗೆ ದೂರು ಹೇಳಿದಳು. "ಅವರನ್ನ ಹೆಂಗಾರ ಮಾಡಿ ಹೊಳ್ಳಿ ಕೂಡಸ್ರಿ ಅಲ್ಲಿ."

ಎರಡು ತಿಂಗಳು ಕಳೆದ ಮೇಲೆ ಒಂದು ಬುಧವಾರ ಮುಂಜಾನೆ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಕೃಷ್ಣಾಜಿ ಮೂರು ಮಾಳಿಗೆ ಹತ್ತಿ ಬಂದು, ಏದುಸಿರು ಬಿಡುತ್ತ ಕುರ್ಚಿಗೆ ಕುಸಿದರು.

"ನಿಮ್ಮ ಸೊಂಟದ ಪ್ರಶ್ನೆ ಹಿಡಕೊಂಡು ಮನ್ಯಾಗಿದ್ದ ಗೀತೆ ಎಲ್ಲಾ ತಿರುವಿ ಹಾಕಿದೆ," ಎಂದರು.

"ಉತ್ತರ ಸಿಕ್ತೇನ್ರಿ?"

"ಇಲ್ಲ. ಅಂದ್ರ, ಅದ. ಪುಸ್ತಕದಾಗ ಅದ. ನನ್ನ ಮೊಣಕಾಲಿಗೆ ಇನ್ನೂ ಒಪ್ಪಿಗಿ ಆಗಿಲ್ಲ."

ಫಕೀರಪ್ಪನಿಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವ ಸಭ್ಯತೆ ಅವನಲ್ಲಿಲ್ಲ. ಹಲ್ಲು ಬಿಟ್ಟ.

"ನಗಬ್ಯಾಡ್ರಿ. ನೀವು ಅಡ್ಡ ಕೇಳ್ತೀರಂತ ನಾ ಶನಿವಾರ ಕೂತು ಓದಿಕೊಂಡು ಬರ್ತಿದ್ದೆ. ಈಗ ಓದೂದ ಬಿಟ್ಟೀನಿ. ಶಿವಪ್ರಕಾಶ ಏನ್ ಹೇಳಿದ್ರೂ ಹೂಂ ಅಂತಾನ. ರವಿವಾರ ಬರ್ರಿ."

"ಕಡೀ ಸಾಲು?"

"ಅದನ್ನ ತಗೀಲಿಕ್ಕೆ ಮಂದಿ ಒಪ್ಪೂದಿಲ್ಲ. ಸಾಲು ಇಲ್ಲಂದ್ರ ಮಂಗಳಾರತಿ ಇಲ್ಲ."

"ಹಂಗಾರ ನಾ ಬರೂದಿಲ್ರಿ."

ಒಳ್ಳೇ ಜೋಡಿ ಎತ್ತು ಬದುವಿನ ಮೇಲೆ ನಿಂತ ಹಾಗಿತ್ತು. ಅಡಿಗೆಮನೆಯ ಬಾಗಿಲಿಗೆ ಶಿವಗಂಗವ್ವ ಬಂದಳು.

"ಆ ಸಾಲು ನಾ ಅಂತೀನಿ."

"ನಿಮಗ ತಿಳಿದದ ಏನ್ರಿ ಅಕ್ಕಾರ?" ಎಂದರು ಕೃಷ್ಣಾಜಿ.

"ನನಗ ಮೊದಲ ಸಂಶಯ ಇರಲಿಲ್ರಿ. ನಾ ಅಂದ್ರ ಯಾರಿಗೆ ಸುಳ್ಳಾತು?"

"ಹೋತು ಅನ್ನಾಕ ಮೊದಲ ಇರಬೇಕಲ್ಲ?" ಎಂದ ಫಕೀರಪ್ಪ.

"ನನ್ನ ಶಿಷ್ಯ ಆಗಬ್ಯಾಡ್ರಿ. ಅವರ ಮುಂದ ಹೋಗಿ ಕೂಡ್ರಿ." ಅವಳು ಕೃಷ್ಣಾಜಿಯ ಕಡೆ ತಿರುಗಿದಳು. "ಆದ್ರ ಒಂದ ಮಾತು. ಒಂದೂವರಿ ಆತಂದ್ರ ಅಂದುಬಿಡಾಕಿ ನಾ. ಅಷ್ಟರಾಗ ನಿಮ್ಮದು ಮುಗೀಲಿ, ಬಿಡ್ಲಿ."

ಕೃಷ್ಣಾಜಿ ಹತ್ತು ನಿಮಿಷ ವಿಚಾರ ಮಾಡಿದರು. ಕೇಳುವವನು ಒಬ್ಬ, ತಿಳಿಯುವವಳು ಇನ್ನೊಬ್ಬಳು. ಇದು ಯಾವ ಗೀತೆಯಲ್ಲೂ ಇಲ್ಲ ಎಂದರು. ಆಮೇಲೆ, ಕೂಡದು ಎಂದೂ ಯಾವುದರಲ್ಲೂ ಬರೆದಿಲ್ಲ ಎಂದರು. ಕೋರ್ಟಿನ ಬುದ್ಧಿ ಕೆಲಸಕ್ಕೆ ಬಂತು. ಶಿವಪ್ರಕಾಶನಿಗೂ ಜುಬ್ಬಾ ಸಾಕಾಗಿತ್ತು, ಒಪ್ಪಿದ.

ಬೆಟ್ಟದ ಮೇಲೆ ಗಂಡ ಹೆಂಡತಿಗೆ ಹೇಳಿದ ಗೀತೆ ಏಳು ರವಿವಾರ ನಡೆಯಿತು. ಕೊನೆಯ ದಿನ ಒಂದೂ ಇಪ್ಪತ್ತಕ್ಕೆ ಪುಸ್ತಕದ ಮಾತು ಮುಗಿಯಿತು, ಫಕೀರಪ್ಪನದು ಶುರುವಾಯಿತು. ಗುರು ಎಲ್ಲಾ ಬಲ್ಲವನಾದರೆ ಶಿಷ್ಯ ಕೇಳುವತನಕ ಯಾಕೆ ಕಾಯುತ್ತಾನೆ ಎಂದು ಕೇಳಿದ. ಕೃಷ್ಣಾಜಿ ಮಳೆಯಿಂದ ಹಿಡಿದು ಕೆಚ್ಚಲಿನವರೆಗೆ ಮೂರು ಉಪಮೆ ಕೊಟ್ಟರು. ಮೂರನ್ನೂ ಇವನು ಒಡೆದ. ತೂಕಡಿಸುವವರು ಎಚ್ಚರವಾಗಿದ್ದರು. ಕೃಷ್ಣಾಜಿ ನಾಲ್ಕನೆಯದಕ್ಕೆ ಕೈ ಎತ್ತಿದಾಗ ಒಂದೂವರೆ ಆಯಿತು. ಶಿವಗಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗಡಿಯಾರಕ್ಕೆ ಹೇಳುವವಳ ಹಾಗೆ, "ನನ್ನ ಸಂಶಯ ಹೋತ್ರಿ, ನನಗ ತಿಳೀತು," ಎಂದಳು. ಶಿವಪ್ರಕಾಶ ಗಂಟೆ ಬಾರಿಸಿದ. ಮಂಗಳಾರತಿ ಆಯಿತು, ಪಂಕ್ತಿ ಕೂತಿತು. ಇವರಿಬ್ಬರು ಚಾಪೆ ಬಿಟ್ಟು ಏಳಲಿಲ್ಲ. ಅವಳೇ ಎರಡು ತಾಟು ತಂದು ನಡುವೆ ಇಟ್ಟಳು.

"ಹಂಗಾರ," ಎಂದು ಫಕೀರಪ್ಪ ರೊಟ್ಟಿ ಮುರಿದ.

"ಉಣ್ಣೂಮುಂದ ಬ್ಯಾಡ್ರಿ," ಎಂದರು ಕೃಷ್ಣಾಜಿ.

"ಆತು. ಉಂಡ ಮ್ಯಾಲೆ."